ಓ ಎನ್ನದ ಅಣ್ಣ

ಗಿಲಕಿಯ ಬಲಗೈ ಹೆಬ್ಬೆರಳಿನ ಕೆಳಗೆ ದಿನಕ್ಕೆ ಹತ್ತಾರು ಸಲ ಅವಳ ಅಣ್ಣನ ಜೀವ ಇರುತ್ತಿತ್ತು.

ಮಾತಿಗೆ ಹೇಳಿದ್ದಲ್ಲ ಇದು. ಅಣ್ಣ ತಂಗಿ ಇಬ್ಬರೂ ಲಿಫ್ಟ್ ರಿಪೇರಿ ಮಾಡುವವರು. ಲಿಫ್ಟ್ ಓಡಾಡುವ ಶಾಫ್ಟಿನ ತಳದಲ್ಲಿ ಒಂದು ಗುಂಡಿ ಇರುತ್ತದೆ, ಅಣ್ಣ ಅದರೊಳಗೆ ಇಳಿಯುತ್ತಾನೆ. ಅವನ ನೆತ್ತಿಯ ಮೇಲೆ ಕ್ಯಾಬಿನ್ ತೂಗುತ್ತಿರುತ್ತದೆ. ಆ ಕ್ಯಾಬಿನ್ನಿನ ಚಾವಣಿಯ ಮೇಲೆ ತಂಗಿ ಚಕ್ಕಳಮಕ್ಕಳ ಹಾಕಿ ಕೂತಿರುತ್ತಾಳೆ. ತೊಡೆಯ ಮೇಲೆ ಹಳದಿ ಪೆಟ್ಟಿಗೆ. ಅದರಲ್ಲಿ ಒಂದು ಬಟನ್ ಒತ್ತಿದರೆ ಕ್ಯಾಬಿನ್ ಏರುತ್ತದೆ, ಇನ್ನೊಂದು ಒತ್ತಿದರೆ ಇಳಿಯುತ್ತದೆ. ಇಳಿದರೆ ಯಾರ ಮೇಲೆ ಇಳಿಯುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಗಿಲಕಿ ಎಂಬುದು ಅಣ್ಣ ಇಟ್ಟ ಅಡ್ಡಹೆಸರು. ತೊಟ್ಟಿಲಲ್ಲಿದ್ದಾಗಿನಿಂದ ಬಾಯಿ ಮುಚ್ಚಿದವಳಲ್ಲ. ಬಸ್ಸಿನಲ್ಲಿ ಪಕ್ಕ ಕೂತವರ ಸಂಸಾರದ ಕಥೆಯೆಲ್ಲ ಇಳಿಯುವಷ್ಟರಲ್ಲಿ ಅವಳ ಬಾಯಲ್ಲಿರುತ್ತಿತ್ತು. ಆದರೆ ಅವಳು ಯಾರಿಗೂ ಹೇಳದ ಒಂದು ಮಾತಿತ್ತು. ಅವಳಿಗೆ ಶಾಫ್ಟ್ ಎಂದರೆ ಭಯ. ಎತ್ತರದ ಭಯವಲ್ಲ, ಕತ್ತಲೆಯದೂ ಅಲ್ಲ. ಬಟನ್ ಒತ್ತುವ ಮೊದಲು, ಕೆಳಗಿನಿಂದ ದನಿ ಬರುವವರೆಗೆ ಒಂದು ಚೂರು ಹೊತ್ತು ಏನೂ ಕೇಳಿಸುವುದಿಲ್ಲವಲ್ಲ, ಆ ಚೂರು ಹೊತ್ತಿನ ಭಯ.

ಕಸುಬು ಕಲಿಸಿದವರು ಅಪ್ಪ. ಅವರು ತೀರಿಕೊಂಡು ಬಹಳ ಕಾಲವಾಗಿದ್ದರೂ ಅವರ ಕಟ್ಟಳೆ ಶಾಫ್ಟಿನೊಳಗೆ ಇನ್ನೂ ನಡೆಯುತ್ತಿತ್ತು. ನಡುವೆ ಕ್ಯಾಬಿನ್ ಅಡ್ಡ ಇರುವುದರಿಂದ ಮೇಲಿನ ಮಾತು ಕೆಳಗೆ, ಕೆಳಗಿನ ಮಾತು ಮೇಲೆ ನೆಟ್ಟಗೆ ತಲುಪುವುದಿಲ್ಲ. ಗೋಡೆಗೆ ಬಡಿದು ಬಡಿದು ಮಾತೆಲ್ಲ ಪುಡಿಯಾಗಿ ಬರೀ ದನಿ ಉಳಿಯುತ್ತದೆ. ಅದಕ್ಕೇ ಅಪ್ಪ ಮಾತನ್ನು ನಂಬಲೇಬೇಡಿ ಎಂದಿದ್ದರು. ಮೇಲಿನವರು ರಾಗ ಎಳೆದು ಕರೆಯಬೇಕು. ದನಿ ಮೇಲಕ್ಕೆ ಎಳೆದರೆ ಏರಿಸಲಾ ಎಂದು, ಕೆಳಕ್ಕೆ ಎಳೆದರೆ ಇಳಿಸಲಾ ಎಂದು. ಕೆಳಗಿನವರು 'ಓ' ಎಂದರೆ ಒತ್ತಬೇಕು. ಓ ಬರದಿದ್ದರೆ ಕೈ ತೆಗೆಯಬೇಕು.

"ಬೇಡ ಅನ್ನೋದಾದ್ರೆ ಕೂಗಬೇಕು, ಇಲ್ಲಾಂದ್ರೆ ಸುಮ್ನಿರಬೇಕು ಅಂತ ಇಟ್ಕೊಂಡ್ರೆ ಸುಲಭ ಅಲ್ವಾ ಅಪ್ಪಾ?" ಎಂದು ಗಿಲಕಿ ಒಮ್ಮೆ ಕೇಳಿದ್ದಳು.

"ಕೆಳಗಿರೋನು ತಲೆ ಸುತ್ತಿ ಬಿದ್ದಿದ್ರೆ ಹ್ಯಾಗೆ ಕೂಗ್ತಾನೆ? ಸುಮ್ನಿದಾನೆ, ಸರಿ ಅಂತ ನೀನು ಒತ್ತಿಬಿಡ್ತೀಯ," ಎಂದಿದ್ದರು ಅಪ್ಪ. "ದನಿ ಬಂದ್ರೆ ಒತ್ತು. ಯಾವ ದನಿ ಬಂದ್ರೂ ಅದು ಓ ಅಂತಲೇ ತಿಳ್ಕೋ. ದನಿ ಇಲ್ಲಾಂದ್ರೆ ಇಲ್ಲ."

ಆ ಕಟ್ಟಳೆಯಿಂದಲೇ ಇಷ್ಟು ವರ್ಷ ಇಬ್ಬರ ಕೈಕಾಲೂ ನೆಟ್ಟಗಿದ್ದವು. ಅದರಲ್ಲಿ ಒಂದು ತೂತು ಇದೆ ಎಂದು ಯಾರಿಗೂ ಹೊಳೆದಿರಲಿಲ್ಲ.

ಭಯ ಮರೆಯಲು ಗಿಲಕಿ ಕಂಡುಕೊಂಡ ದಾರಿ ಕಥೆ ಕಟ್ಟುವುದು. ಬರೆಯುವುದಲ್ಲ, ಹೇಳುವುದು. ಅವಳ ಕೈಗೆ ಸದಾ ಗ್ರೀಸು, ಕಾಗದ ಮುಟ್ಟಿದರೆ ಅಕ್ಷರಕ್ಕಿಂತ ಮೊದಲು ಹೆಬ್ಬೆಟ್ಟು ಬೀಳುತ್ತಿತ್ತು. ಹಾಗಾಗಿ ಊಟದ ಬಿಡುವಿನಲ್ಲಿ ಮೊಣಕೈಯಿಂದ ಫೋನು ಒತ್ತಿ ವಾಯ್ಸ್ ನೋಟಿಗೆ ಕಥೆ ಹೇಳಿ ಅಣ್ಣನಿಗೆ ಕಳಿಸುತ್ತಿದ್ದಳು. ಅಣ್ಣ ಅದೇ ಗೋಡೆಗೆ ಒರಗಿ ಡಬ್ಬಿ ಬಿಚ್ಚಿ ಕೂತಿರುತ್ತಿದ್ದ.

"ಎದುರಿಗೇ ಕೂತಿದೀನಲ್ಲೇ, ಬಾಯಲ್ಲೇ ಹೇಳಬಾರದಾ?"

"ಎದುರಿಗೆ ಹೇಳಿದ್ರೆ ನಿನ್ನ ಮುಖ ಕಾಣುತ್ತೆ. ನಿನ್ನ ಮುಖ ಕಂಡ್ರೆ ಕಥೆ ಹುಳಿಯಾಗುತ್ತೆ."

ಅಣ್ಣ ಕಿವಿಗೆ ಫೋನು ಹಿಡಿದು ಕೇಳುತ್ತಿದ್ದ. ಕೇಳುವಾಗ ಅವನ ಮೂಗು ಶಿಳ್ಳೆ ಹೊಡೆಯುತ್ತಿತ್ತು. ಚಿಕ್ಕಂದಿನಲ್ಲಿ ಗೋಡೆ ಹತ್ತಲು ಹೋಗಿ ಮುರಿದುಕೊಂಡ ಮೂಗು ಅದು. ಉಸಿರು ಬಿಟ್ಟಾಗಲೆಲ್ಲ ಸಣ್ಣಗೆ ಸುಂಯ್ ಎನ್ನುತ್ತಿತ್ತು, ನಿದ್ದೆಯಲ್ಲಂತೂ ಪಕ್ಕದ ಮನೆಯವರಿಗೂ ಕೇಳುತ್ತಿತ್ತು. ಅಣ್ಣನಿಗೆ ಗೂಢಚಾರನ ಕೆಲಸ ಯಾರೂ ಕೊಡುವುದಿಲ್ಲ ಎಂದು ಅಮ್ಮ ಆಡಿಕೊಳ್ಳುತ್ತಿದ್ದರು.

ಗಿಲಕಿಗೆ ಬೇಕಾಗಿದ್ದದ್ದು ಹಳೆಯ ಕಥೆಗಳು. ಲೋಕ ಹುಟ್ಟಿದ್ದು ಹೇಗೆ, ಸಾವು ಬಂದದ್ದು ಎಲ್ಲಿಂದ, ಸೂರ್ಯನನ್ನು ನುಂಗಿದವರು ಯಾರು ಎಂಬಂಥವು. ಅವನ್ನು ಹಾಗೇ ಹೇಳುತ್ತಿರಲಿಲ್ಲ. ಮೊದಲು ಎಲ್ಲರ ಕಿರೀಟ ಕಳಚಿಸುತ್ತಿದ್ದಳು, ಆಮೇಲೆ ಪ್ರತಿಯೊಬ್ಬರ ಕೈಗೂ ಒಂದು ಕೆಲಸ ಕೊಡುತ್ತಿದ್ದಳು. ಮಳೆಯ ದೇವರು ಅವಳ ಕಥೆಯಲ್ಲಿ ನೀರಿನ ಟ್ಯಾಂಕರ್ ಓಡಿಸುವವನು, ಪ್ರತಿ ಬೀದಿಯವರಿಂದಲೂ ಬೈಸಿಕೊಳ್ಳುವವನು. ಹಳೆಯ ಕಥೆಯಿಂದ ಮೂಳೆ ಮಾತ್ರ ತೆಗೆದುಕೊಳ್ಳಬೇಕು, ಮಾಂಸ ನಮ್ಮ ಬೀದಿಯದ್ದೇ ಆಗಬೇಕು ಎಂಬುದು ಅವಳ ಲೆಕ್ಕ. ಬಹಳ ಸಲ ಅದು ಕೂಡಿಬರುತ್ತಿತ್ತು. ಟ್ಯಾಂಕರಿನವನ ಕಥೆ ಕೇಳಿ ಅಣ್ಣ ಅನ್ನದ ತುತ್ತು ಕೈಯಲ್ಲೇ ಹಿಡಿದು ಕೂತುಬಿಟ್ಟಿದ್ದ.

ಒಂದು ಕಥೆ ಮಾತ್ರ ಕೈಗೆ ಹತ್ತಲೇ ಇಲ್ಲ. ಅಜ್ಜಿ ಹೇಳಿದ ಕಥೆ ಅದು. ಕೆಳಗಿನ ಲೋಕ ಅಣ್ಣನೊಬ್ಬನನ್ನು ಎಳೆದುಕೊಂಡು ಹೋಗುತ್ತದೆ. ತಂಗಿ ಹುಡುಕಿಕೊಂಡು ಆ ಲೋಕದ ಬಾಗಿಲವರೆಗೆ ಹೋಗುತ್ತಾಳೆ. ಒಳಗೆ ಹೋಗುವಂತಿಲ್ಲ, ಕರೆಯಬಹುದು ಅಷ್ಟೇ, ಅವನು ಓ ಎಂದರೆ ಕರೆದುಕೊಂಡು ಹೋಗು ಎನ್ನುತ್ತಾನೆ ಬಾಗಿಲು ಕಾಯುವವನು. ತಂಗಿ ಕರೆಯುತ್ತಾಳೆ. ಮತ್ತೆ ಕರೆಯುತ್ತಾಳೆ. ಅವನು ಓ ಎನ್ನಲಿಲ್ಲ, ಮಲಕ್ಕೋ ಇನ್ನು, ಎಂದು ಅಜ್ಜಿ ದೀಪ ಆರಿಸಿಬಿಡುತ್ತಿದ್ದರು.

ಯಾಕೆ ಓ ಎನ್ನಲಿಲ್ಲ? ಅಜ್ಜಿ ಹೇಳಲಿಲ್ಲ, ಅವರಿಗೂ ಯಾರೂ ಹೇಳಿರಲಿಲ್ಲ.

ಆ ಖಾಲಿ ಜಾಗಕ್ಕೆ ಗಿಲಕಿ ಏನೇನೋ ತುಂಬಿ ನೋಡಿದಳು. ಕೆಳಗಿನ ನೀರು ಕುಡಿದು ಅವನು ತಂಗಿಯ ದನಿಯನ್ನೇ ಮರೆತ ಎಂದು ಒಂದು ಸಲ. ಅಣ್ಣ ಕೇಳಿ, "ಇದು ಸುಲಭಕ್ಕೆ ಮಾಡಿದ್ದು," ಎಂದ. ಕೋಪ ಮಾಡಿಕೊಂಡಿದ್ದ ಎಂದು ಇನ್ನೊಂದು ಸಲ. "ಅಷ್ಟು ಕೋಪ ಇರೋನು ಎರಡು ಬೈಗುಳಾನಾದ್ರೂ ಕಳಿಸ್ತಿದ್ದ," ಎಂದ. ಅವನಿಗೆ ಅಲ್ಲೇ ಹಿತವಾಗಿತ್ತು ಎಂದು ಹೇಳಿದ ದಿನ ಅಣ್ಣ ಡಬ್ಬಿ ಮುಚ್ಚಿ ಎದ್ದ.

"ಏನಾದ್ರೂ ಹೇಳೋ."

"ಅವನ ಬಾಯಿ ಮುಚ್ಚಿಸ್ತಿರೋಳು ನೀನು ಕಣೇ. ಅವನಾಗೇ ಮುಚ್ಚಿಕೊಂಡ ಹಾಗೆ ಒಂದು ಸಲಾನೂ ಕಾಣಲಿಲ್ಲ ನನಗೆ."

ಆ ಮಾತು ಮುಳ್ಳಿನ ಹಾಗೆ ನಾಟಿತು. ಎಷ್ಟು ತೆಗೆದರೂ ತುದಿ ಒಳಗೇ ಉಳಿಯಿತು.

ಅದಾದ ಮೇಲೆ ಒಂದು ದಿನ, ಆಫೀಸುಗಳಿಗೆಲ್ಲ ರಜೆ. ಅವರು ಹೋಗಿದ್ದದ್ದು ಹಳೆಯದೊಂದು ಆಫೀಸು ಕಟ್ಟಡಕ್ಕೆ. ಒಳಗೆ ಅಣ್ಣ ತಂಗಿ ಬಿಟ್ಟರೆ ಕಟ್ಟಡದ ಮ್ಯಾನೇಜರ್ ಒಬ್ಬರೇ. ನಡೆದರೆ ಕಿರ್ರ್ ಕಿರ್ರ್ ಎನ್ನುವ ಬೂಟು ಹಾಕುತ್ತಿದ್ದ, ನೋಡುವುದಕ್ಕೆ ಕಡ್ಡಿಯಂಥ ಮನುಷ್ಯ. ಲಾಬಿ ಎರಡಾಳು ಮೂರಾಳು ಎತ್ತರ, ಅದರ ಮೇಲೆ ಉಳಿದ ಮಹಡಿಗಳು. ಗುಂಡಿಯೊಳಗೆ ಒಂದು ಕೆಂಪು ಸ್ವಿಚ್ ಇರುತ್ತದೆ. ಏನಾದರೂ ಹೆಚ್ಚುಕಡಿಮೆಯಾದರೆ ಕೆಳಗಿದ್ದವನು ಅದನ್ನು ಅದುಮಿದರೆ ಸಾಕು, ಮೇಲಿನವರು ಏನು ಒತ್ತಿದರೂ ಕ್ಯಾಬಿನ್ ಅಲ್ಲಾಡುವುದಿಲ್ಲ. ಆ ಸ್ವಿಚ್ಚೇ ತೇವ ಹಿಡಿದು ಕೆಟ್ಟಿತ್ತು. ಅಣ್ಣ ಹಳೆಯದನ್ನು ಕಿತ್ತು, ಹೊಸದನ್ನು ಕೂರಿಸುವವರೆಗೆ ವೈರು ನೇರ ಸೇರಿಸಿದ್ದ. ಅಷ್ಟು ಹೊತ್ತು ಕೆಳಗಿನಿಂದ ಕ್ಯಾಬಿನ್ ತಡೆಯುವ ದಾರಿ ಇರಲಿಲ್ಲ. ಕ್ಯಾಬಿನ್ನನ್ನು ಆಳೆತ್ತರಕ್ಕೆ ಏರಿಸಿ ನಿಲ್ಲಿಸಿಕೊಂಡು ಗುಂಡಿಯಲ್ಲಿ ಕೆಲಸಕ್ಕೆ ತೊಡಗಿದ. ಫೋನುಗಳು ಲಾಬಿಯ ಮೇಜಿನ ಮೇಲೆ. ಲಿಫ್ಟಿನ ಬಾಗಿಲ ಕೀಲಿ ಅವನ ಸೊಂಟದಲ್ಲಿ. ಲಾಬಿಯಲ್ಲಿದ್ದ ಆ ಬಾಗಿಲು ಮುಚ್ಚಿತ್ತು. ತೆರೆದಿದ್ದರೆ ಲಿಫ್ಟು ಓಡುವುದಿಲ್ಲವಲ್ಲ.

ಗಿಲಕಿ ಮೇಲೆ ಕೂತಿದ್ದಳು. ಸುತ್ತ ಬೋಳು ಗೋಡೆ, ಮುಂದಿನ ಮಹಡಿಯ ಬಾಗಿಲು ತಲೆಗಿಂತ ಎಷ್ಟೋ ಮೇಲೆ. ಮಾಡಲು ಕೆಲಸವಿಲ್ಲ, ಅಣ್ಣ ಸ್ವಿಚ್ ಕೂರಿಸುವವರೆಗೆ ಕಾಯಬೇಕಷ್ಟೇ. ಮನಸ್ಸು ಆ ಕಥೆಯ ಹತ್ತಿರ ಹೋಯಿತು. ಅಣ್ಣ ಯಾಕೆ ಓ ಎನ್ನಲಿಲ್ಲ ಎಂಬುದನ್ನು ಬಿಟ್ಟು ತಂಗಿ ಹೇಗೆ ಕರೆದಿರಬಹುದು ಎಂದು ಯೋಚಿಸಿದಳು. ಅಳುತ್ತಾ ಕರೆದಳಾ, ಊಟಕ್ಕೆ ಕರೆದ ಹಾಗೆ ಕರೆದಳಾ? ಆ ಕರೆ ಕತ್ತಲೆಯಲ್ಲಿ ಇಳಿದುಹೋಗುವಾಗ ಹೇಗೆ ಕೇಳಿಸಿರಬಹುದು? ಕೇಳಿನೋಡಲು ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗುತ್ತದೆ?

ಗಿಲಕಿ ಗೋಡೆಗೂ ಕ್ಯಾಬಿನ್ನಿಗೂ ನಡುವಿನ ಸಂದಿಯ ಕಡೆ ಬಾಗಿ, ಕಥೆಯ ತಂಗಿಯ ದನಿಯಲ್ಲಿ, ಕೊನೆಯನ್ನು ಮೇಲಕ್ಕೆ ಎಳೆದು ಕರೆದಳು.

"ಅಣ್ಣಾ..."

"ಓ," ಎಂದಿತು ಗುಂಡಿ.

ಅವಳ ಹೆಬ್ಬೆರಳು ಒತ್ತಿಬಿಟ್ಟಿತು.

ಒತ್ತಬೇಕೆಂದು ಅವಳು ಒತ್ತಿದ್ದಲ್ಲ. ಇಷ್ಟು ವರ್ಷ ಓ ಕೇಳಿದಾಗಲೆಲ್ಲ ಆ ಬೆರಳು ಮಾಡಿಕೊಂಡು ಬಂದದ್ದನ್ನೇ ಮಾಡಿತು. ಕ್ಯಾಬಿನ್ ಜಗ್ಗಿ ಒಂದು ಗೇಣು ಏರಿತು. ಬೆಂಕಿ ಮುಟ್ಟಿದ ಹಾಗೆ ಗಿಲಕಿ ಕೈ ಎಳೆದುಕೊಂಡಳು. ಕ್ಯಾಬಿನ್ ನಿಂತಿತು. ಕೆಳಗೆ ಸರಪಳಿಯೊಂದು ಕಣಕಣ ಎಂದು ಬಿಗಿದು, ಆ ಸದ್ದೂ ನಿಂತಿತು.

"ಅಣ್ಣಾ, ಅದು ಕೆಲಸಕ್ಕಲ್ಲ. ಕಥೆಗೆ ಕರೆದದ್ದು."

ಏನೂ ಇಲ್ಲ.

ಮಾತು ತಲುಪಿರುವುದಿಲ್ಲ ಎಂದುಕೊಂಡಳು. ಕೆಳಗಿನ ರಾಗದಲ್ಲಿ, ಇಳಿಸಲಾ ಎಂದು ಕರೆದಳು. ಓ ಬರಲಿಲ್ಲ. ಮೇಲಿನ ರಾಗದಲ್ಲಿ ಕರೆದಳು. ಬರಲಿಲ್ಲ.

"ಆಟ ಆಡಬೇಡ ಕಣೋ. ನನಗೆ ಜೀವ ಹೋಗ್ತಿದೆ."

ತಮಾಷೆಯಾದರೆ ಅಣ್ಣ ಇಷ್ಟರಲ್ಲಿ ನಕ್ಕುಬಿಡುತ್ತಿದ್ದ, ಅವನಿಂದ ನಗು ತಡೆಯಲು ಆಗುವುದಿಲ್ಲ. ಸ್ಪ್ಯಾನರಿನ ಸದ್ದಿಲ್ಲ. ಕೆಮ್ಮಿಲ್ಲ. ಎಲ್ಲೋ ನೀರು ತೊಟ್ಟಿಕ್ಕುವುದು ಮಾತ್ರ ಕೇಳುತ್ತಿತ್ತು. ಪೆಟ್ಟಿಗೆಯಲ್ಲಿ ಅವಳ ಪಾಲಿಗೂ ಒಂದು ಕೆಂಪು ಬಟನ್ ಇತ್ತು, ಅದನ್ನು ಅದುಮಿಟ್ಟಳು. ಅದನ್ನು ಮತ್ತೆ ಎಳೆಯುವವರೆಗೆ ಕ್ಯಾಬಿನ್ ಅಲ್ಲಾಡುವುದಿಲ್ಲ. ಆದರೆ ಅದು ಅವಳಿಗೆ ಗೊತ್ತು, ಕೆಳಗಿದ್ದವನಿಗೆ ಗೊತ್ತಿಲ್ಲ, ಹೇಳಿದರೆ ಕೇಳಿಸುವುದೂ ಇಲ್ಲ.

ಕಿರ್ರ್ ಕಿರ್ರ್ ಎಂದು ಬೂಟಿನ ಸದ್ದು ಮೆಟ್ಟಿಲೇರಿತು. ಮ್ಯಾನೇಜರ್ ಮೇಲಿನ ಮಹಡಿಯ ಬಾಗಿಲ ಸಂದಿಗೆ ಬಾಯಿಟ್ಟರು.

"ಏನಮ್ಮ, ಕೂಗ್ತಾ ಇದೀರಿ?"

"ಅಣ್ಣ ಓ ಅಂತಿಲ್ಲ ಸಾರ್."

"ಬಾತ್‌ರೂಮಿಗೆ ಹೋಗಿರಬೇಕು."

"ಗುಂಡಿಯೊಳಗೆ ಬಾತ್‌ರೂಮ್ ಇಲ್ಲ ಸಾರ್. ಕೆಳಗೆ ಹೋಗಿ ಬಾಗಿಲಿಗೆ ಕಿವಿ ಕೊಟ್ಟು ನೋಡಿ. ಓಡಿ."

ಅವರು ಓಡಿದರು. ಲಾಬಿಯ ಬಾಗಿಲು ದಡದಡ ಬಡಿದುಕೊಂಡಿತು. ಮತ್ತೆ ಏದುಸಿರು ಬಿಡುತ್ತಾ ಮೇಲೆ ಬಂದರು.

"ಏನೂ ಕೇಳ್ತಿಲ್ಲಮ್ಮ. ಅಷ್ಟು ಬಡಿದರೂ ಉಸಿರಿಲ್ಲ. ಫೈರ್ ಸ್ಟೇಷನ್ನಿಗೆ ಫೋನ್ ಮಾಡಿದೀನಿ, ಬರ್ತಾರಂತೆ. ರಸ್ತೆ ಜಾಮ್ ಅಂತಾನೂ ಹೇಳಿದರು."

"ಬಾಗಿಲು ಮುರಿಯೋಕೆ ಆಗುತ್ತಾ?"

"ನನ್ನ ಕೈಯಲ್ಲಾ? ನಾನು ಉಪ್ಪಿನಕಾಯಿ ಬಾಟ್ಲಿ ತೆಗೆಯೋಕೂ ಹೆಂಡ್ತೀನ ಕರೀತೀನಿ." ಅವರ ದನಿ ನಡುಗುತ್ತಿತ್ತು. ತಮಾಷೆಗೆ ಹೇಳಿದ್ದಲ್ಲ. "ನೋಡಮ್ಮ, ಆತ ಮೂರ್ಛೆ ಹೋಗಿದಾರೆ. ತಲೆಗೆ ಏನೋ ತಗಲಿದೆ. ನೀವು ಇದನ್ನ ಈ ಬಾಗಿಲವರೆಗೂ ಏರಿಸ್ಕೊಂಡು ಬನ್ನಿ, ಹೊರಗೆ ಬನ್ನಿ, ಇಬ್ಬರೂ ಹೋಗಿ ಏನಾದ್ರೂ ಮಾಡೋಣ. ತಡ ಮಾಡಿದರೆ ಕೈಮೀರಿ ಹೋಗುತ್ತೆ."

ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಮೂರ್ಛೆ ಹೋಗಿದ್ದರೆ ಏರಿಸುವುದೇ ಸರಿ. ಕ್ಯಾಬಿನ್ ಅವನಿಂದ ದೂರವಾಗುತ್ತದೆ, ಅವಳು ಹೊರಗೆ ಬರುತ್ತಾಳೆ, ಜೀವ ಉಳಿಯುತ್ತದೆ. ಗಿಲಕಿಯ ಕೈ ಕೆಂಪು ಬಟನ್ನಿನ ಮೇಲೆ ಹೋಯಿತು, ಅದನ್ನು ಎಳೆದುಬಿಡಲು. ಆದರೆ ಸರಪಳಿ ಬಿಗಿದ ಸದ್ದು ಕಿವಿಯಲ್ಲಿತ್ತು. ಕ್ಯಾಬಿನ್ನಿನ ಹೊಟ್ಟೆಯಿಂದ ಆ ಸರಪಳಿ ಗುಂಡಿಯವರೆಗೆ ಜೋತುಬಿದ್ದಿರುತ್ತದೆ. ಕ್ಯಾಬಿನ್ ಏರಿದರೆ ಅದೂ ಏರುತ್ತದೆ. ಅವನು ಅದಕ್ಕೆ ಸಿಕ್ಕಿಕೊಂಡಿದ್ದರೆ?

ಸಿಕ್ಕಿಕೊಂಡಿದ್ದರೆ ಕೂಗುವುದಿಲ್ಲವೇ?

ಆಗ ಅಪ್ಪನ ಕಟ್ಟಳೆಯ ತೂತು ಅವಳಿಗೆ ಕಂಡಿತು. ಯಾವ ದನಿ ಬಂದರೂ ಅದು ಓ. ಅಯ್ಯೋ ಎಂದರೂ ಓ, ಬೇಡ ಎಂದರೂ ಓ. ಕೆಳಗಿರುವವನು ಸಿಕ್ಕಿಹಾಕಿಕೊಂಡರೆ ಅವನ ಕೈಯಲ್ಲಿ ಉಳಿಯುವುದು ಒಂದೇ, ಬಾಯಿ ಬಿಡದಿರುವುದು. ಸತ್ತವನೂ ಸುಮ್ಮನಿರುತ್ತಾನೆ, ಮೂರ್ಛೆ ಹೋದವನೂ ಸುಮ್ಮನಿರುತ್ತಾನೆ, ಬದುಕಬೇಕೆಂದು ಹಲ್ಲು ಕಚ್ಚಿ ನಿಂತವನೂ ಸುಮ್ಮನಿರುತ್ತಾನೆ. ಮೇಲೆ ಕೂತವಳಿಗೆ ಮೂರೂ ಒಂದೇ.

"ಏನಮ್ಮ ಯೋಚನೆ? ಏರಿಸಿ," ಎಂದರು ಮ್ಯಾನೇಜರ್.

"ಸಾರ್, ಸ್ವಲ್ಪ ಸುಮ್ನಿರಿ. ಬೂಟು ಬಿಚ್ಚಿಬಿಡಿ. ಉಸಿರೂ ಮೆಲ್ಲಗೆ ಬಿಡಿ."

ಅವಳು ಚಾವಣಿಯ ಅಂಚಿನಲ್ಲಿ ಬೋರಲು ಮಲಗಿದಳು. ಗೋಡೆಗೂ ಕ್ಯಾಬಿನ್ನಿಗೂ ನಡುವಿನ ಸಂದಿಗೆ ಕಿವಿ ಇಟ್ಟಳು. ತಣ್ಣನೆಯ ಗಾಳಿ ಕೆನ್ನೆಗೆ ತಗುಲಿತು. ಅವನು ಮೂರ್ಛೆ ಹೋಗಿದ್ದಾನೆ ಎಂದು ಮನಸ್ಸು ಒಂದು ಕಥೆ ಕಟ್ಟಿತು. ಆ ಕಥೆ ಅವಳಿಗೆ ಬೇಕಾಗಿತ್ತು, ಯಾಕೆಂದರೆ ಅದರಲ್ಲಿ ಅವಳಿಗೆ ಮಾಡಲು ಒಂದು ಕೆಲಸವಿತ್ತು. ಸತ್ತಿದ್ದಾನೆ ಎಂದು ಇನ್ನೊಂದು ಕಥೆ ಕಟ್ಟಿತು. ಅವನ ಬಾಯಿ ಮುಚ್ಚಿಸ್ತಿರೋಳು ನೀನು ಎಂದಿದ್ದನಲ್ಲ. ಕಟ್ಟುವುದನ್ನು ನಿಲ್ಲಿಸಿ ಕೇಳು ಎಂದು ತನಗೆ ತಾನೇ ಹೇಳಿಕೊಂಡಳು. ಹುಟ್ಟಿದ ಮೇಲೆ ಮೊದಲ ಸಲ ಗಿಲಕಿ ಒಳಗೂ ಹೊರಗೂ ಬಾಯಿ ಮುಚ್ಚಿದಳು.

ನೀರು ತೊಟ್ಟಿಕ್ಕಿತು. ಎಲ್ಲೋ ಪೈಪು ಟಿಣ್ ಎಂದಿತು. ಅದು ಬಿಟ್ಟರೆ ಶಾಫ್ಟು ಬಾಯಿ ತೆರೆದುಕೊಂಡೇ ಸುಮ್ಮನಿತ್ತು. ಆಗ ಅವಳಿಗೆ ಏನು ಕೇಳುತ್ತಿಲ್ಲ ಎಂಬುದು ಹೊಳೆಯಿತು. ಮೂಗು. ಅಣ್ಣನ ಮೂಗಿನ ಶಿಳ್ಳೆ ಇಲ್ಲ. ಮೂರ್ಛೆ ಹೋದವನ ಮೂಗು ಸುಮ್ಮನಿರಲು ಸಾಧ್ಯವೇ ಇಲ್ಲ. ಅಂದರೆ ಉಸಿರೇ ಇಲ್ಲ. ಎದೆಯ ಡವಡವ ತಗಡಿಗೆ ಬಡಿದು ಕೆಳಗೆ ಕೇಳಿಸುತ್ತಿದೆ ಎನ್ನಿಸಿತು.

ಅಷ್ಟರಲ್ಲಿ, ಎಷ್ಟೋ ಆಳದಿಂದ, ದಾರದೆಳೆಯಷ್ಟು ಸಣ್ಣದಾಗಿ 'ಸುಂ' ಎಂದಿತು. 'ಯ್' ಆಗುವುದರೊಳಗೆ ಕತ್ತರಿಸಿದ ಹಾಗೆ ನಿಂತಿತು.

ಅದಾಗಿಯೇ ನಿಂತದ್ದಲ್ಲ, ಯಾರೋ ನಿಲ್ಲಿಸಿದ್ದರು. ತಡೆಯಲಾರದೆ ಬಿಟ್ಟ ಉಸಿರನ್ನು ಹೆದರಿ ಹಿಡಿದುಕೊಂಡಿದ್ದರು. ಮೂರ್ಛೆ ಹೋದವನು ತನ್ನ ಮೂಗಿಗೆ ಹೆದರುವುದಿಲ್ಲ.

"ಸಾರ್," ಎಂದಳು ಗಿಲಕಿ, ಗಂಟಲಿನಿಂದ ಗಾಳಿ ಮಾತ್ರ ಬಂತು. "ಏರಿಸಲ್ಲ. ಅವನು ಎಚ್ಚರವಾಗಿದಾನೆ. ನೀವು ಲಾಬಿ ಬಾಗಿಲ ಹತ್ರ ಹೋಗಿ. ಸಂದಿ ಕಂಡ ತಕ್ಷಣ ಬೆರಳು ಹಾಕಿ ಎಳೀರಿ. ಒಂದು ಹೆಜ್ಜೇನೂ ಮುಂದೆ ಇಡಬೇಡಿ. ಮುಂದೆ ಗುಂಡಿ."

ಚಾವಣಿಯಲ್ಲಿ ಒಂದು ಮುಚ್ಚಳವಿತ್ತು, ಅದರಿಂದ ಕ್ಯಾಬಿನ್ನಿನೊಳಗೆ ಇಳಿಯಬಹುದು. ಇಳಿಯುವುದೆಂದರೆ ಸಾಮಾನ್ಯವಾಗಿ ಧುಮುಕುವುದು. ಇವತ್ತು ಧುಮುಕುವಂತಿಲ್ಲ, ಕ್ಯಾಬಿನ್ ತೂಗುವ ಹಗ್ಗಗಳು ಕುಲುಕಿದರೆ ಸರಪಳಿಯೂ ಕುಲುಕುತ್ತದೆ. ಅವಳ ಭಾರ ಹೇಗೂ ಕ್ಯಾಬಿನ್ನಿನ ಮೇಲೇ ಇದೆ, ಚಾವಣಿಯಿಂದ ನೆಲಕ್ಕೆ ಹೋಗಬೇಕು, ಅಷ್ಟೇ, ಮೆಲ್ಲಗೆ. ಅಂಚಿಗೆ ಜೋತುಬಿದ್ದಳು. ತೋಳು ಕಿತ್ತುಹೋಗುವಂತಿತ್ತು. ಕಾಲ ಬೆರಳ ತುದಿ ಒಳಗಿನ ಕಂಬಿಗೆ ತಗುಲಿತು, ಕನ್ನಡಿಗೆ ಬೆನ್ನು ಉಜ್ಜುತ್ತಾ ಬೆಕ್ಕಿನ ಹಾಗೆ ಇಳಿದಳು. ಕ್ಯಾಬಿನ್ನಿನ ಬಾಗಿಲನ್ನು ಎರಡೂ ಕೈಯಿಂದ ಅಗಲಿಸಿದಳು. ಎದುರಿಗೆ ಗೋಡೆ. ಗೋಡೆಯ ಬುಡದಲ್ಲಿ, ಅವಳ ಮೊಣಕಾಲಿನ ಕೆಳಗೆ, ಲಾಬಿಯ ಬಾಗಿಲಿನ ತಲೆಭಾಗ ಕಾಣುತ್ತಿತ್ತು. ಬಾಗಿಲಿನ ಬೀಗ ಇರುವುದೂ ಅಲ್ಲೇ, ಒಳಗಿನಿಂದಾದರೆ ಕೀಲಿ ಬೇಡ. ಮಲಗಿ ಕೈ ಇಳಿಬಿಟ್ಟು ಕೊಕ್ಕೆ ಎತ್ತಿದಳು.

ಹೊರಗಿನಿಂದ ಮ್ಯಾನೇಜರ್ ಎಳೆದರು. ಉಪ್ಪಿನಕಾಯಿ ಬಾಟಲಿ ತೆಗೆಯಲಾರದ ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ, ಬಾಗಿಲು ಹಾರಿದ ಹಾಗೆ ತೆರೆಯಿತು. ಲಾಬಿಯ ಬೆಳಕು ಗುಂಡಿಗೆ ಬಿತ್ತು.

ಅಣ್ಣ ತುದಿಗಾಲಲ್ಲಿ ನಿಂತಿದ್ದ. ಎಡಗೈ ಮೇಲಕ್ಕೆ ಚಾಚಿತ್ತು, ಸರಪಳಿಯ ಸುತ್ತು ಮುಂಗೈಯನ್ನು ಗೋಡೆಯ ಕಬ್ಬಿಣಕ್ಕೆ ಕಚ್ಚಿಸಿ ಹಿಡಿದಿತ್ತು. ಇನ್ನೊಂದು ಗೇಣು ಏರಿದ್ದರೆ ಕೈ ಉಳಿಯುತ್ತಿರಲಿಲ್ಲ. ಇಳಿದಿದ್ದರೆ ಬಗ್ಗಿ ತಪ್ಪಿಸಿಕೊಳ್ಳಲೂ ಆಗುತ್ತಿರಲಿಲ್ಲ. ಅಂಗಿಯ ಕಾಲರನ್ನು ಬಾಯಿಗೆ ತುರುಕಿಕೊಂಡಿದ್ದ. ಬಲಗೈ ಬೆರಳುಗಳಿಂದ ಮೂಗು ಒತ್ತಿ ಹಿಡಿದಿದ್ದ. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು.

ತಂಗಿಯ ತಲೆ ಸಂದಿಯಲ್ಲಿ ತಲೆಕೆಳಗಾಗಿ ಕಂಡಿತು. ಆಗಲೂ ಅವನು ಬಾಯಿ ಬಿಡಲಿಲ್ಲ. ಬರೀ ಅವಳ ಕೈ ಹುಡುಕಿದ. ಗಿಲಕಿ ಒಂದು ಅಂಗೈ ತೋರಿಸಿದಳು. ಅವನ ಕಣ್ಣು ಇನ್ನೊಂದನ್ನು ಹುಡುಕಿತು. ಅದನ್ನೂ ತೋರಿಸಿದಳು.

ಕಾಲರು ಬಾಯಿಂದ ಬಿತ್ತು. ಆಮೇಲೆ ಬಂದ ದನಿಯನ್ನು ಗಿಲಕಿ ಯಾವ ಕಥೆಯಲ್ಲೂ ಹಾಕಿದವಳಲ್ಲ, ಹಾಕುವವಳೂ ಅಲ್ಲ.

ಫೈರ್‌ನವರು ಬಂದರು, ಸರಪಳಿ ಕತ್ತರಿಸಿದರು, ಅಣ್ಣನನ್ನೂ ತಂಗಿಯನ್ನೂ ಇಳಿಸಿಕೊಂಡರು. ಮುಂಗೈ ಮೂಳೆ ಮುರಿದಿತ್ತು. ಬೆರಳುಗಳು ಅಲ್ಲಾಡುತ್ತವೆ, ಕೈ ಉಳಿಯುತ್ತದೆ ಎಂದರು ಡಾಕ್ಟರ್. ವಾರ್ಡಿನಲ್ಲಿ ಅಣ್ಣ ಬಿಳಿ ಕಂಬದಂಥ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಮಲಗಿದ್ದ. ಗಿಲಕಿ ಸ್ಟೂಲಿನ ಮೇಲೆ ಕೂತು ಎರಡು ಕೈಗಳನ್ನೂ ತೊಡೆಯ ಕೆಳಗೆ ಸೇರಿಸಿಕೊಂಡಿದ್ದಳು.

"ಅಮ್ಮನಿಗೆ ಯಾರು ಹೇಳ್ತಾರೆ?" ಎಂದ ಅಣ್ಣ.

"ನೀನೇ ಹೇಳು. ನಿನಗಾದ್ರೆ ಹೊಡೆಯಲ್ಲ."

"ಜಾರಿ ಬಿದ್ದೆ ಅಂತೀನಿ."

"ಬೇಡ. ನಾನು ಒತ್ತಿದೆ ಅಂತಲೇ ಹೇಳು."

"ಓ ಅಂದೋನು ನಾನು. ಕೇಳಿದ್ದು ಏನು ಅಂತ ನೋಡದೆ ಓ ಅಂದೆ." ಸ್ವಲ್ಪ ಹೊತ್ತು ಅವನ ಮೂಗು ಮಾತ್ರ ಮಾತಾಡಿತು. "ಗಂಟಲವರೆಗೂ ಬಂದಿತ್ತು ಕಣೇ, ಕೂಗು. ನುಂಗಿದೆ. ಮತ್ತೆ ಬಂತು. ಕೈ ಹೋದ್ರೆ ಹೋಗಲಿ, ಕಿರುಚಿಬಿಡೋಣ ಅನ್ನಿಸ್ತು ಒಂದು ಸಲ. ಆಮೇಲೆ ಅನ್ನಿಸ್ತು, ನಾನು ಕಿರುಚಿದ್ರೆ ಒತ್ತೋದು ಯಾರು? ಇವಳು. ಆಮೇಲೆ ಇವಳ ಗತಿ ಏನು?"

ಗಿಲಕಿ ಕಿಟಕಿಯ ಕಡೆ ತಿರುಗಿದಳು.

"ಸಿಕ್ತಲ್ಲ ನಿನ್ನ ಕಥೆಗೆ," ಎಂದ ಅಣ್ಣ. "ಅವನು ಯಾಕೆ ಓ ಅನ್ನಲಿಲ್ಲ ಅಂತ."

"ಇದನ್ನ ಹಾಕಲ್ಲ."

"ಯಾಕೆ? ನನ್ನ ಕೈಗೆ ಅಷ್ಟೂ ಬೆಲೆ ಇಲ್ವಾ?"

"ನೀನು ಮೇಲೆ ಬಂದೆ, ಅದಕ್ಕೆ ಹೇಳಿದೆ. ಆ ಕಥೇಲಿ ಅವನು ಬರಲೇ ಇಲ್ಲ. ಅವಳಿಗೆ ಯಾರು ಹೇಳಬೇಕು? ಬಾಗಿಲಾಚೆ ನಿಂತೋಳಿಗೆ ಗೊತ್ತಿರೋದು ಅಷ್ಟೇ, ಓ ಅನ್ನಲಿಲ್ಲ ಅಂತ. ಅಜ್ಜಿ ಸರಿಯಾಗೇ ಹೇಳ್ತಿದ್ರು."

"ಕೇಳೋರು ಬಿಡ್ತಾರಾ? ಯಾಕೆ, ಯಾಕೆ ಅಂತ ಪ್ರಾಣ ತಿಂತಾರೆ."

"ತಿನ್ನಲಿ. ನಾನೂ ಅಲ್ಲಿ ಅದನ್ನೇ ಕೇಳ್ತಾ ಮಲಗಿದ್ದೆ."

ಆಫೀಸು ಕಟ್ಟಡದಲ್ಲಿ ಕ್ಯಾಬಿನ್ ಇನ್ನೂ ಹಾಗೇ ನೇತಾಡುತ್ತಿತ್ತು. ಹೊಸ ಸರಪಳಿ ಹಾಕಬೇಕಾದರೆ ಮೊದಲು ಅದನ್ನು ಲಾಬಿಗೆ ಇಳಿಸಬೇಕು. ಬೇರೆ ಯಾರನ್ನಾದರೂ ಕರೆಸಲಾ ಎಂದು ಮ್ಯಾನೇಜರ್ ಕೇಳಿದರು. ಬೇಡ ಎಂದಳು ಗಿಲಕಿ. ಈಗ ಹೋಗದಿದ್ದರೆ ಇನ್ನು ಎಂದೂ ಹೋಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಲಾಬಿಯ ಬಾಗಿಲು ತೆರೆದು ಟಾರ್ಚು ಬಿಟ್ಟು ಗುಂಡಿ ನೋಡಿದಳು. ಖಾಲಿ. ಮುಚ್ಚಿ ಮೆಟ್ಟಿಲು ಹತ್ತಿದಳು. ಅರ್ಧಕ್ಕೆ ವಾಪಸು ಬಂದು ಮತ್ತೆ ತೆರೆದು ನೋಡಿದಳು. ಮೇಲಿನ ಬಾಗಿಲಿನಿಂದ ಏಣಿ ಇಳಿಬಿಟ್ಟು ಚಾವಣಿಯ ಮೇಲೆ ಕೂತಳು. ಕೆಂಪು ಬಟನ್ ಎಳೆದಳು. ಹೆಬ್ಬೆರಳು ಇಳಿಸುವ ಬಟನ್ನಿನ ಮೇಲೆ ಬಂದು ನಿಂತಿತು. ಕೆಳಗೆ ಯಾರೂ ಇಲ್ಲ. ಆದರೂ ಅವಳ ಬಾಯಿ ತಾನಾಗಿ, ಕೆಳಗಿನ ರಾಗ ಎಳೆದು ಕರೆಯಿತು.

ಓ ಬರಲಿಲ್ಲ. ಬರಬಾರದು ಕೂಡ, ಬಂದಿದ್ದರೆ ಎದೆ ಒಡೆದು ಸಾಯುತ್ತಿದ್ದಳು. ಆದರೆ ಓ ಇಲ್ಲದೆ ಒತ್ತಲು ಬೆರಳು ಒಪ್ಪಲಿಲ್ಲ.

"ಯಾರೂ ಇಲ್ಲಮ್ಮ, ನಾನೇ ನೋಡಿದೀನಿ, ಇಳಿಸಿ," ಎಂದರು ಮೇಲಿನ ಬಾಗಿಲಲ್ಲಿ ನಿಂತಿದ್ದ ಮ್ಯಾನೇಜರ್.

"ನೀವು ದಯವಿಟ್ಟು ಮಾತಾಡಬೇಡಿ ಸಾರ್."

ಅವಳು ಬೋರಲು ಮಲಗಿ ಸಂದಿಗೆ ಕಿವಿ ಕೊಟ್ಟಳು. ನೀರು ತೊಟ್ಟಿಕ್ಕುತ್ತಿತ್ತು. ಸುಂಯ್ ಇಲ್ಲ. ಅದನ್ನೇ ಉತ್ತರ ಎಂದುಕೊಳ್ಳಬೇಕಾಗಿತ್ತು. ಹಾಗೇ ಮಲಗಿದಲ್ಲೇ, ಕಿವಿ ತೆಗೆಯದೆ, ಬಟನ್ ಒತ್ತಿದಳು. ಕ್ಯಾಬಿನ್ ನಡುಗಿ ಕೆಳಕ್ಕೆ ಹೊರಟಿತು. ಇಳಿಯುವಷ್ಟು ಹೊತ್ತೂ ಅವಳು ಉಸಿರು ಬಿಡಲಿಲ್ಲ. ಅದು ಲಾಬಿಗೆ ಬಂದು ದಡ್ ಎಂದು ನಿಂತ ಮೇಲೂ ಹೆಬ್ಬೆರಳು ಒತ್ತಿಕೊಂಡೇ ಇತ್ತು. ಬಿಡಿಸಿಕೊಳ್ಳಲು ಎಡಗೈ ಬೇಕಾಯಿತು.